ರಬ್ಬರ್ ಚೆಂಡು ಮತ್ತು ಅಜ್ಜನ ಬಲಗೈ: ಫಿಸಿಯೋಥೆರಪಿ ಕಲಿತ ಪಾಠಗಳ ಕಥೆ

ಇವತ್ತಿನ ಸಂಚಿಕೆ ಒಂದು ರಬ್ಬರ್ ಚೆಂಡಿನಿಂದ ಶುರುವಾಗುತ್ತೆ.

ಬನಶಂಕರಿ ಜಾತ್ರೆಗೆ ಯಾರಾದ್ರೂ ಬಂದಿದ್ದೀರಾ? ಬಾದಾಮಿಯಿಂದ ಐದು ಕಿಲೋಮೀಟರ್, ಚೊಳಚಗುಡ್ಡದ ಹತ್ತಿರ. ಬನದ ಹುಣ್ಣಿಮೆಗೆ ತೇರು ಎಳೆದ್ರೂ ಜಾತ್ರೆ ಮುಗಿಯೋದಿಲ್ಲ. ನಾಟಕ ಕಂಪನಿಗಳು ವಾರಗಟ್ಟಲೆ ಟೆಂಟ್ ಹಾಕಿರ್ತಾವೆ, ರಾತ್ರಿಯೆಲ್ಲ ಆಟ. ಕೆಲವು ವರ್ಷದ ಹಿಂದೆ ಆ ಜಾತ್ರೆಯ ಅಂಗಡಿಸಾಲಿನಲ್ಲಿ ನನ್ನ ಸೋದರಮಾವ ಒಂದು ಕೆಂಪು ರಬ್ಬರ್ ಚೆಂಡು ಕೊಂಡ. ಮನೆಯ ಮಕ್ಕಳಿಗಲ್ಲ, ನನ್ನ ಅಜ್ಜನಿಗೆ.

ಅಜ್ಜ ಇಳಕಲ್ಲಿನಲ್ಲಿ ಕುಣಿಮಗ್ಗದ ಮೇಲೆ ಸೀರೆ ನೇಯ್ದು ಬದುಕಿದ ಮನುಷ್ಯ. ವಯಸ್ಸಾದ ಮೇಲೆ ಬನಶಂಕರಿ ಕಡೆ ಮಾವನ ಮನೆಗೆ ಬಂದಿದ್ದ. ಆ ಡಿಸೆಂಬರ್‌ನಲ್ಲಿ ಅವನಿಗೆ ಲಕ್ವಾ ಹೊಡೀತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಮುಂಜಾನೆ ಹೋದವು. ಆಸ್ಪತ್ರೆಯಿಂದ ಜೀವ ಉಳಿಸ್ಕೊಂಡು ಮನೆಗೆ ಬಂದ. ನೋಡೋಕೆ ಬಂದವರೆಲ್ಲ ಒಂದೇ ಮಾತು: "ಚೆಂಡು ಹಿಚಕಸ್ರಿ, ಕೈ ಬರ್ತದ." ಅಜ್ಜ ದಿನವಿಡೀ ಹಿಚುಕಿದ. ಒಂದು ತಿಂಗಳಾಗೋದ್ರೊಳಗೆ ಬೆರಳು ಎಷ್ಟು ಬಿಗಿಯಾಗಿತ್ತು ಅಂದ್ರೆ, ಮುಷ್ಟಿಯೊಳಗಿನ ಚೆಂಡನ್ನ ನಾವೇ ಬಿಡಿಸಬೇಕಾಗಿತ್ತು.

ಪಕ್ಕದ ಮನೆಯ ಹುಡುಗಿ ಫಿಸಿಯೋಥೆರಪಿ ಓದ್ತಿದ್ಲು, ಇಂಟರ್ನ್‌ಶಿಪ್ ನಡೀತಿತ್ತು. ಜಾತ್ರೆಗೆ ರಜೆ ಹಾಕಿ ಊರಿಗೆ ಬಂದವಳು ಅಜ್ಜನ್ನ ನೋಡೋಕೆ ಬಂದ್ಲು. ಬಂದವಳೇ ಕೈ ಹಿಡಿದು ವ್ಯಾಯಾಮ ಶುರು ಮಾಡ್ತಾಳೆ ಅಂದ್ಕೊಂಡಿದ್ದೆ. ಇಲ್ಲ. ಎದುರಿಗೆ ಕೂತು ಸುಮ್ಮನೆ ನೋಡ್ತಾ ಇದ್ಲು. ಅಜ್ಜ ಹ್ಯಾಗೆ ಕೂತಿದಾನೆ, ಯಾವ ಕಡೆ ವಾಲ್ತಾನೆ, ನೀರು ಬೇಕಾದ್ರೆ ಯಾವ ಕಡೆ ನೋಡ್ತಾನೆ. ಅಷ್ಟರಲ್ಲಿ ಮಾವ ಅಜ್ಜನ್ನ ಎಬ್ಬಿಸೋಕೆ ಅಂತ ಬಿದ್ದುಹೋದ ಬಲಗೈಯನ್ನೇ ಹಿಡಿದು ಎಳೆದ. ಅಜ್ಜ ನರಳಿದ. ಅವಳು ಎದ್ದು ನಿಂತ್ಲು.

"ಕಾಕಾ, ಆ ಕೈ ಹಿಡದು ಎಳೀಬ್ಯಾಡ್ರಿ."

ನಾವು ಒಂದು ತಿಂಗಳಿಂದ ದಿನಕ್ಕೆ ಹತ್ತು ಸಲ ಅದನ್ನೇ ಮಾಡ್ತಿದ್ವಿ. ಭುಜದ ಕೀಲಲ್ಲಿ ತೋಳಿನ ಎಲುಬನ್ನ ಹಿಡಿದಿಡೋದು ಸುತ್ತಲಿನ ಸ್ನಾಯುಗಳು. ಅವು ಸೋತಾಗ ಕೈ ಬರೀ ಜೋತುಬಿದ್ದಿರುತ್ತೆ. ಎಳೆದ್ರೆ ಎಲುಬು ಗುಳಿಯಿಂದ ಕೆಳಗೆ ಜಾರುತ್ತೆ. ಅಜ್ಜನ ಭುಜದ ನೋವಿಗೆ ನಾವು ಲಕ್ವಾದ ಮೇಲೆ ತಪ್ಪು ಹೊರಿಸಿದ್ವಿ. ಅದ್ರಲ್ಲಿ ನಮ್ಮ ಕೈಗಳ ಪಾಲೂ ಇತ್ತು.

ನಾನು ಬಿಕಾಂ ಓದಿದವನು. ಡೆಬಿಟ್ ಕ್ರೆಡಿಟ್ ಬಿಟ್ರೆ ದೇಹದ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಆದ್ರೆ ಅವತ್ತು ಒಂದು ಪ್ರಶ್ನೆ ತಲೇಲಿ ಕೂತ್ಕೊಳ್ತು. ಇಪ್ಪತ್ತೆರಡು ವರ್ಷದ ಹುಡುಗಿಗೆ ಇದನ್ನ ಯಾರು ಕಲಿಸಿದ್ರು? ಅವರಿಗೆ ಯಾರು ಕಲಿಸಿದ್ರು? ಇವತ್ತಿನ ಕಥೆ ಅದೇ.

ಬೊಂಬಾಯಿ, 1952

ಮೊದಲು ಒಂದು ಪದ. ಲಕ್ವಾ ಅರಬ್ಬಿ ಮೂಲದ್ದು. ಯುನಾನಿ ವೈದ್ಯದಲ್ಲಿ ಲಕ್ವಾ ಅಂದ್ರೆ ಮುಖ ಸೊಟ್ಟಗಾಗೋದು ಮಾತ್ರ. ಅರ್ಧ ಮೈ ಬಿದ್ರೆ ಅದಕ್ಕೆ ಫಾಲಿಜ್ ಅಂತ ಬೇರೆ ಹೆಸರಿದೆ. ಪಾರ್ಶ್ವವಾಯು, ಪಕ್ಷಾಘಾತ ಅನ್ನೋ ಹೆಸರುಗಳೂ ನಮ್ಮಲ್ಲಿವೆ. ಹೆಸರಿಗೆ ಕೊರತೆ ಇರಲಿಲ್ಲ. ಆದ್ರೆ ಬಿದ್ದ ಮನುಷ್ಯನನ್ನ ಮತ್ತೆ ಎಬ್ಬಿಸಿ ನಿಲ್ಲಿಸೋದನ್ನೇ ಕಾಲೇಜಿನಲ್ಲಿ ಕಲಿಸೋ ವ್ಯವಸ್ಥೆ ನಮ್ಮ ದೇಶದಲ್ಲಿ ಶುರುವಾಗಿದ್ದು ಬಹಳ ತಡವಾಗಿ. ಅದಕ್ಕೆ ಕಾರಣ ಆಗಿದ್ದು ಲಕ್ವಾ ಅಲ್ಲ, ಪೋಲಿಯೋ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬೊಂಬಾಯಿಯಲ್ಲಿ ಪೋಲಿಯೋ ಹಬ್ಬಿತ್ತು. ಕಾಲು ಸೋತ ಮಕ್ಕಳು ಆಸ್ಪತ್ರೆ ತುಂಬಿದ್ರು. ಔಷಧಿ ಇರಲಿಲ್ಲ, ಲಸಿಕೆ ಇನ್ನೂ ಬಂದಿರಲಿಲ್ಲ. ಉಳಿದ ಸ್ನಾಯುಗಳನ್ನ ಪಳಗಿಸಿ ಮಕ್ಕಳನ್ನ ನಡೆಸೋ ಕೈಗಳು ಬೇಕಿದ್ವು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1952ರಲ್ಲಿ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾಯ್ತು. ಮೂರು ವರ್ಷದ ನಂತರ, 1955ರಲ್ಲಿ, ಫಿಸಿಯೋಥೆರಪಿಸ್ಟ್‌ಗಳ ಅಖಿಲ ಭಾರತ ಸಂಘ ಹುಟ್ಕೊಂಡಿತು.

ಇಲ್ಲಿ ನನ್ನ ಊರಿನವರು ಕಿವಿ ನಿಮಿರಿಸಬೇಕು. 1952ರಲ್ಲಿ ಬಾಗಲಕೋಟೆ ಜಿಲ್ಲೆ ಇರಲಿಲ್ಲ. ಅದು ಆಗಿದ್ದು 1997ರಲ್ಲಿ. ಬಾದಾಮಿ, ಹುನಗುಂದ, ಇಳಕಲ್ಲು ಎಲ್ಲ ಅವತ್ತು ಬಿಜಾಪುರ ಜಿಲ್ಲೆ. ಬಿಜಾಪುರ ಇದ್ದದ್ದು ಬೊಂಬಾಯಿ ರಾಜ್ಯದಲ್ಲಿ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಂದ್ರೆ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಬಾಗಿಲು ತೆರೆದದ್ದು ನಮ್ಮದೇ ಅವತ್ತಿನ ರಾಜಧಾನಿಯಲ್ಲಿ. ಕಾಗದದ ಮೇಲೆ ನಾವು ಅದರ ಮನೆಮಂದಿ. ರಸ್ತೆಯ ಮೇಲೆ ಮಾತ್ರ ನೂರಾರು ಮೈಲಿ ದೂರ. ಈ ದೂರವನ್ನ ನೆನಪಿಟ್ಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೆ.

ಮೊದಲ ಪಾಠ: ಸ್ನಾಯುವಿಗೆ ಮಾರ್ಕ್ಸ್

ಪೋಲಿಯೋ ವೈರಸ್ ಹೊಡೆಯೋದು ಬೆನ್ನುಹುರಿಯಲ್ಲಿರೋ ನರಕೋಶಗಳಿಗೆ. ಸ್ನಾಯುವಿಗೆ ಹೋಗೋ ಕೊನೆಯ ತಂತಿ ಅದು. ಆ ತಂತಿ ಸತ್ರೆ ಸ್ನಾಯು ಸಡಿಲಾಗಿ, ಬರಬರುತ್ತಾ ಸೊರಗುತ್ತೆ. ಹಾಗಾಗಿ ಆ ಕಾಲದ ವಿದ್ಯಾರ್ಥಿ ಕಲಿತ ಮುಖ್ಯ ವಿದ್ಯೆ ಅಂದ್ರೆ ಒಂದೊಂದೇ ಸ್ನಾಯುವನ್ನ ಪರೀಕ್ಷೆ ಮಾಡಿ ಮಾರ್ಕ್ಸ್ ಹಾಕೋದು. ಸೊನ್ನೆ ಅಂದ್ರೆ ಅಲುಗಾಟವೇ ಇಲ್ಲ. ಮೂರು ಅಂದ್ರೆ ಕಾಲಿನ ಭಾರವನ್ನ ತಾನೇ ಎತ್ತಬಲ್ಲದು. ಐದು ಅಂದ್ರೆ ಪೂರ್ತಿ ಬಲ. ಅಮೆರಿಕದ ಬಾಸ್ಟನ್‌ನಲ್ಲಿ 1910ರ ದಶಕದಲ್ಲಿ ಪೋಲಿಯೋ ಮಕ್ಕಳ ಮೇಲೆ ಬೆಳೆದ ಪದ್ಧತಿ ಇದು. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ನರಕ್ಕೆ ಗಾಯವಾದ ಸೈನಿಕರಿಗೂ ಇಂಥದೇ ಅಳತೆ ಬಂತು. ಇವತ್ತಿಗೂ ಬಿಪಿಟಿ ವಿದ್ಯಾರ್ಥಿಗಳು ಇದನ್ನ ಕಲೀತಾರೆ.

ಪೋಲಿಯೋಗೆ ಈ ಲೆಕ್ಕ ಸರಿ. ತೊಂದರೆ ಆಗಿದ್ದು ಲಕ್ವಾಕ್ಕೂ ಇದೇ ಲೆಕ್ಕ ಹಚ್ಚಿದಾಗ.

ಲಕ್ವಾದಲ್ಲಿ ಕೆಟ್ಟಿರೋದು ಕೊನೆಯ ತಂತಿ ಅಲ್ಲ, ಆಜ್ಞೆ ಕೊಡೋ ಮೆದುಳು. ಮೊದಲು ಕೈಕಾಲು ಸಡಿಲವಾಗಿರುತ್ತೆ, ಆಮೇಲೆ ಬಹಳ ಜನರಲ್ಲಿ ಬಿಗಿ ಆಗುತ್ತೆ. ಮೊಣಕೈ ಮಡಚುತ್ತೆ, ಮುಷ್ಟಿ ಕಟ್ಟುತ್ತೆ, ಕಾಲು ಕೋಲಿನಂತೆ ಸೆಟೆಯುತ್ತೆ. ಹಿಡಿಯೋ ಶಕ್ತಿ ಮೊದಲು ಬರುತ್ತೆ, ಬೆರಳು ಬಿಚ್ಚೋ ಶಕ್ತಿ ಕೊನೆಗೆ ಬರುತ್ತೆ, ಕೆಲವರಿಗೆ ಬರೋದೇ ಇಲ್ಲ. ಈಗ ನಮ್ಮ ಚೆಂಡನ್ನ ನೆನಪು ಮಾಡ್ಕೊಳ್ಳಿ. ಅಜ್ಜನ ಮುಷ್ಟಿ ಚೆಂಡಿನಿಂದಲೇ ಬಿಗಿಯಾಯ್ತು ಅಂತ ನಾನು ಹೇಳಲ್ಲ, ಆ ಬಿಗಿತ ಈ ಕಾಯಿಲೆಯದ್ದೇ. ಆದ್ರೆ ಅಜ್ಜನಿಗೆ ಬಿಡೋದು ಬರ್ತಿರಲಿಲ್ಲ, ನಾವು ದಿನವಿಡೀ ಹಿಡಿಯೋದನ್ನೇ ಕಲಿಸ್ತಿದ್ವಿ.

ಎರಡನೇ ಪಾಠ: ಲಂಡನ್ನಿನ ನಿರಾಶ್ರಿತೆ

ಈ ತಪ್ಪನ್ನ ಗಟ್ಟಿಯಾಗಿ ಎತ್ತಿ ತೋರಿಸಿದವರಲ್ಲಿ ಬರ್ತಾ ಬೋಬಾತ್ ದೊಡ್ಡ ಹೆಸರು. ಹುಟ್ಟಿದ್ದು 1907ರಲ್ಲಿ, ಬರ್ಲಿನ್‌ನಲ್ಲಿ. ಅಂಗಸಾಧನೆ ಕಲಿಸೋ ಶಿಕ್ಷಕಿ. ಯಹೂದಿ ಆದ್ದರಿಂದ ಹಿಟ್ಲರನ ಜರ್ಮನಿ ಬಿಟ್ಟು 1938ರಲ್ಲಿ ಲಂಡನ್ನಿಗೆ ಓಡಿಬಂದ್ರು. 1940ರ ದಶಕದಲ್ಲಿ ಲಕ್ವಾ ಹೊಡೆದ ಒಬ್ಬ ಭಾವಚಿತ್ರ ಕಲಾವಿದನ ಚಿಕಿತ್ಸೆ ಅವರ ಪಾಲಿಗೆ ಬಂತು. ಅವನ ಬಿಗಿಯಾದ ತೋಳನ್ನ ಎಳೆಯೋ ಬದಲು ಅವನ ಮೈಯ ಭಂಗಿ ಬದಲಿಸಿ ನೋಡಿದ್ರು. ಮೈ ಸರಿಯಾಗಿ ಕೂತಾಗ ತೋಳಿನ ಬಿಗಿತ ತಾನಾಗೇ ಸಡಿಲವಾಯ್ತು. ಅಂದ್ರೆ ಬಿಗಿತ ಇದ್ದದ್ದು ಸ್ನಾಯುವಿನ ಸ್ವಭಾವದಲ್ಲಲ್ಲ, ಮೆದುಳು ಕಳಿಸ್ತಿದ್ದ ಸಂದೇಶದಲ್ಲಿ. ಅವರ ಪತಿ ಕಾರೆಲ್ ಬೋಬಾತ್ ವೈದ್ಯರು. ಹೆಂಡತಿ ಕೈಯಿಂದ ಕಂಡುಕೊಂಡಿದ್ದಕ್ಕೆ ಗಂಡ ನರವಿಜ್ಞಾನದಲ್ಲಿ ಕಾರಣ ಹುಡುಕಿದ್ರು.

ಇದ್ರಿಂದ ತರಬೇತಿಯೇ ಬದಲಾಯ್ತು. ವಿದ್ಯಾರ್ಥಿ ಬರೀ ಬಲ ಅಳೆಯೋನಲ್ಲ, ಚಲನೆ ನೋಡೋನಾದ. ಕೂತಾಗ ಭಾರ ಯಾವ ಕಡೆ? ಏಳುವಾಗ ಯಾವ ಕಾಲಿಗೆ ನಂಬಿಕೆ ಇಲ್ಲ? ಪಕ್ಕದ ಮನೆ ಹುಡುಗಿ ಅಜ್ಜನ ಎದುರು ಸುಮ್ಮನೆ ಕೂತಿದ್ಲಲ್ಲ, ಆ ನೋಟದ ಬೇರು ಇಲ್ಲಿದೆ. ಮೆದುಳಿನ ತೊಂದರೆಯಿಂದ ಕೈಕಾಲು ಬಿಗಿಯಾದ ಮಕ್ಕಳಿಗೆ, ಅಂದ್ರೆ ಸೆರೆಬ್ರಲ್ ಪಾಲ್ಸಿ ಇರೋ ಮಕ್ಕಳಿಗೆ, ಈ ಪದ್ಧತಿ ಜಗತ್ತಿನ ತುಂಬ ಹರಡಿತು, ನಮ್ಮ ದೇಶಕ್ಕೂ ಬಂತು.

ಆದ್ರೆ ಬೋಬಾತ್ ಹೇಳಿದ್ದೂ ಕೊನೇ ಮಾತಾಗಲಿಲ್ಲ. ಬಿಗಿತ ಹೆಚ್ಚುತ್ತೆ ಅನ್ನೋ ಭಯದಿಂದ ಆ ಕಾಲದಲ್ಲಿ ಲಕ್ವಾ ರೋಗಿಗಳಿಗೆ ಬಲದ ವ್ಯಾಯಾಮ ಕೊಡೋಕೆ ಹಿಂಜರೀತಿದ್ರು. ಮುಂದೆ ಬಂದ ಅಧ್ಯಯನಗಳು ಆ ಭಯಕ್ಕೆ ಆಧಾರ ಇಲ್ಲ ಅಂದವು. ಬಲವೂ ಬೇಕು, ಆದ್ರೆ ಬಲ ಒಂದೇ ಸಾಲದು.

ಮೂರನೇ ಪಾಠ: ಮೆದುಳು ಕಲಿಯುತ್ತೆ

1980ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜಾನೆಟ್ ಕಾರ್ ಮತ್ತು ರೊಬರ್ಟಾ ಶೆಫರ್ಡ್ ಅನ್ನೋ ಇಬ್ಬರು ಫಿಸಿಯೋಥೆರಪಿಸ್ಟ್‌ಗಳು ಸರಳ ಪ್ರಶ್ನೆ ಕೇಳಿದ್ರು. ಸೈಕಲ್ ಕಲಿಯೋಕೆ ಸೈಕಲ್ಲೇ ಹತ್ತಬೇಕು. ಹಾಗಾದ್ರೆ ಲೋಟ ಹಿಡಿಯೋದನ್ನ ಮತ್ತೆ ಕಲಿಯೋಕೆ ಲೋಟ ಬಿಟ್ಟು ಬೇರೆ ಏನೇನೋ ಯಾಕೆ? ಚಿಕಿತ್ಸಕ ಮಾಡಿಸಿದ್ದಕ್ಕಿಂತ ರೋಗಿ ತಾನೇ ಮಾಡಿದ್ದು ಮುಖ್ಯ. ಕೆಲಸವನ್ನ ತುಂಡು ತುಂಡಾಗಿ ಒಡೆದು, ನೂರಾರು ಸಲ ಅಭ್ಯಾಸ ಮಾಡಿಸಿ.

ಅದೇ ಕಾಲಕ್ಕೆ ಅಮೆರಿಕದಲ್ಲಿ ಎಡ್ವರ್ಡ್ ಟಾಬ್ ಅನ್ನೋ ಮನಶ್ಶಾಸ್ತ್ರಜ್ಞ ಇನ್ನೊಂದು ವಿಷಯದ ಬೆನ್ನು ಹತ್ತಿದ್ರು. ಕೋತಿಗಳ ಮೇಲಿನ ಅವರ ಪ್ರಯೋಗಗಳು 1981ರಲ್ಲಿ ಪ್ರಾಣಿಹಿಂಸೆಯ ಕೇಸಾಗಿ ಕೋರ್ಟ್ ಮೆಟ್ಟಿಲು ಹತ್ತಿದವು, ಆ ವಿವಾದ ದೊಡ್ಡದು. ಅವರು ಕಂಡ ವಿಷಯ ಇದು: ಸೋತ ಕೈಯಿಂದ ನಾಲ್ಕು ಸಲ ಕೆಲಸ ಆಗದಿದ್ರೆ ಮೆದುಳು ಆ ಕೈಯನ್ನ ಬಳಸೋದನ್ನೇ ಬಿಡುತ್ತೆ. ಸ್ವಲ್ಪ ಶಕ್ತಿ ವಾಪಸ್ ಬಂದ್ರೂ ಬಳಕೆ ವಾಪಸ್ ಬರೋದಿಲ್ಲ. ಪರಿಹಾರ ಅಂತ ಒಳ್ಳೆಯ ಕೈಯನ್ನ ಕಟ್ಟಿಹಾಕಿ, ಸೋತ ಕೈಯಿಂದಲೇ ಕೆಲಸ ಮಾಡಿಸಿದ್ರು. ಮಣಿಕಟ್ಟು, ಬೆರಳು ಸ್ವಲ್ಪವಾದ್ರೂ ಅಲುಗೋರಿಗೆ ಇದ್ರಿಂದ ಲಾಭ ಇದೆ ಅಂತ ಮುಂದೆ ದೊಡ್ಡ ಅಧ್ಯಯನಗಳೂ ತೋರಿಸಿದವು.

ಈಗ ನಮ್ಮ ಮನೆಗೆ ವಾಪಸ್ ಬನ್ನಿ. ಎರಡನೇ ದಿನ ಅವಳು ಅಮ್ಮನನ್ನ ಕೇಳಿದ್ಲು, "ಅಜ್ಜಾರು ಮೊದಲ ಏನ್ ಕೆಲಸ ಮಾಡ್ತಿದ್ರು?" ಮಗ್ಗ ಅಂದ ತಕ್ಷಣ, "ಲಾಳಿ ಐತೇನ್ರಿ ಮನ್ಯಾಗ?" ಅಟ್ಟದ ಮೇಲೆ ಒಂದು ಹಳೇ ಲಾಳಿ ಸಿಕ್ತು. ಚೆಂಡು ತೆಗೆದಿಟ್ಟು, ಲಾಳಿಯನ್ನ ಮೇಜಿನ ಮೇಲೆ ಅಜ್ಜನ ಬಲಗಡೆ ಇಟ್ಲು. ಹಿಡಿಯೋದಲ್ಲ, ಮೊದಲು ಅಲ್ಲಿತನಕ ಕೈ ಚಾಚೋದು. ಮುಟ್ಟೋದು. ತಳ್ಳಿ ಬಿಡೋದು. ಪವಾಡ ಏನೂ ಆಗಲಿಲ್ಲ, ಬೆರಳು ಅವತ್ತು ಬಿಚ್ಚಲಿಲ್ಲ. ಆದ್ರೆ ಒಂದು ತಿಂಗಳಿಂದ ತನ್ನ ಬಲಗೈ ಕಡೆ ನೋಡೋದನ್ನೇ ಬಿಟ್ಟಿದ್ದ ಮನುಷ್ಯ ಅದರ ಕಡೆ ನೋಡಿದ.

ಮಾತು ಹೋಗಿತ್ತು ಅಂದೆನಲ್ಲ. ಅವಳು ಪ್ರತಿ ಸಲ ತಳ್ಳುವಾಗಲೂ ಎಣಿಸ್ತಿದ್ಲು, "ಒಂದು, ಎರಡು, ಮೂರು." ನಾಲ್ಕಕ್ಕೆ ಅವಳು ನಿಲ್ಲಿಸಿದ್ಲು. ಅಜ್ಜ "ನಾಕು" ಅಂದ. ನಾವೆಲ್ಲ ಗಾಬರಿ. ಹೊಸ ಮಾತು ಕಟ್ಟೋಕೆ ಆಗದವರಿಗೂ ಎಣಿಕೆ, ದೇವರ ನಾಮ, ಹಾಡು, ಇಂಥ ಬಾಯಿಪಾಠದ ಮಾತು ಕೆಲವೊಮ್ಮೆ ಉಳಿದಿರುತ್ತೆ. ಅವಳಿಗೆ ಅದು ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಕಲಿಸುವ ಜಾಗಗಳು

ಕರ್ನಾಟಕದಲ್ಲಿ ಈ ವಿದ್ಯೆಯ ಕಥೆ ಹೇಳೋವಾಗ ಬೆಂಗಳೂರಿನ ನಿಮ್ಹಾನ್ಸ್ ಬಿಡೋಕಾಗಲ್ಲ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು. ಅದು ಮತ್ತು ಮೈಸೂರು ಸರ್ಕಾರದ ಹಳೇ ಮಾನಸಿಕ ಆಸ್ಪತ್ರೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯ್ತು. ಮೊದಲ ನಿರ್ದೇಶಕ ಡಾ. ಆರ್. ಎಂ. ವರ್ಮ, ಮೆದುಳಿನ ಶಸ್ತ್ರಚಿಕಿತ್ಸಕರು. ಮನಸ್ಸು, ಮೆದುಳು, ನರ ಎಲ್ಲ ಒಂದೇ ಆವರಣಕ್ಕೆ ಬಂದವು. ಅಲ್ಲಿನ ನರ ಪುನಶ್ಚೇತನ ವಿಭಾಗದಲ್ಲಿ ವೈದ್ಯರು, ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್, ಮಾತಿನ ಚಿಕಿತ್ಸಕರು ಒಂದೇ ರೋಗಿಯನ್ನ ಸೇರಿ ನೋಡ್ತಾರೆ.

ಆಸ್ಪತ್ರೆಯ ಹೊರಗೂ ಒಂದು ದಾರಿ ಇತ್ತು. ಸ್ವತಃ ಪೋಲಿಯೋದಿಂದ ನಡೆಯೋಕಾಗದಂತಾಗಿದ್ದ ಎನ್. ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದ್ರು. ಇವತ್ತು ಎಪಿಡಿ ಅಂತ ಕರೆಯೋದು ಅದನ್ನೇ.

ಪೋಲಿಯೋ ಹಿಂದೆ ಸರೀತು. ದೇಶದ ಕೊನೆಯ ವೈಲ್ಡ್ ಪೋಲಿಯೋ ಕೇಸ್ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. ಯಾವ ಕಾಯಿಲೆಗಾಗಿ ಶಾಲೆ ತೆರೆದ್ರೋ ಆ ಕಾಯಿಲೆಯ ಹೊಸ ರೋಗಿಯನ್ನ ಇವತ್ತಿನ ವಿದ್ಯಾರ್ಥಿ ನೋಡೋದೇ ಇಲ್ಲ. ಅವರ ಮುಂದೆ ಬರೋದು ಲಕ್ವಾ, ಪಾರ್ಕಿನ್ಸನ್, ಬೈಕಿನಿಂದ ಬಿದ್ದು ಬೆನ್ನುಹುರಿ ಮುರಿದ ಹುಡುಗರು.

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಬಂದ ಮೇಲೆ ರಾಜ್ಯದ ಬಹಳಷ್ಟು ಫಿಸಿಯೋಥೆರಪಿ ಕಾಲೇಜುಗಳು ಒಂದೇ ಸೂರಿನಡಿ ಬಂದವು. ಆ ಹುಡುಗಿ ಓದಿದ ಬಿಪಿಟಿ ನಾಲ್ಕು ವರ್ಷ, ಮೇಲೆ ಆರು ತಿಂಗಳು ಇಂಟರ್ನ್‌ಶಿಪ್. ಅದಾದ ಮೇಲೆ ನರರೋಗದಲ್ಲೇ ಎರಡು ವರ್ಷದ ಎಂಪಿಟಿ ಮಾಡಬಹುದು. ಮೊದಲ ವರ್ಷ ಎಲುಬು, ಸ್ನಾಯು, ನರ ಬಾಯಿಪಾಠ. ಆಮೇಲೆ ಒಬ್ಬರ ಮೇಲೊಬ್ಬರು ಅಭ್ಯಾಸ: ಮಂಚದಿಂದ ಕುರ್ಚಿಗೆ ಸಾಗಿಸೋದು, ಬೀಳುವವರನ್ನ ಹಿಡಿಯೋದು. ಕೊನೆಗೆ ವಾರ್ಡು. ಅವಳು ನನಗೆ ಹೇಳಿದ್ದು: "ಪುಸ್ತಕದಾಗ ಬಿಗಿತ ಅಂದ್ರ ಒಂದು ಸಾಲು. ಒಬ್ಬರ ಕೈ ಹಿಡದಾಗ ಗೊತ್ತಾಗ್ತದ, ಅದು ಎಲ್ಲಿ ತಡೀತದ, ಎಲ್ಲಿ ಬಿಡ್ತದ ಅಂತ. ಕಲಿಸಿದ್ದು ಪೇಶಂಟ್‌ಗಳೇ." ಮೊದಲು ಅವಳೂ ಕೇಸ್ ಶೀಟಿನಲ್ಲಿ ಗುರಿ ಅಂತ "ಬಲ ಎರಡರಿಂದ ಮೂರಕ್ಕೆ" ಅಂತ ಬರೀತಿದ್ಲಂತೆ. ಅವಳ ಮೇಡಂ ಅದನ್ನ ಹೊಡೆದುಹಾಕಿ, "ಪೇಶಂಟ್ ಬೇಕು ಅಂದದ್ದು ಇದನ್ನೇನು?" ಅಂತ ಕೇಳಿದ್ರಂತೆ. ರೋಗಿಗೆ ಬೇಕಿದ್ದದ್ದು ಒಬ್ಬನೇ ಪಾಯಖಾನೆಗೆ ಹೋಗೋದು.

ಉಳಿದ ಪಾಠ: ದೂರ

ಹನ್ನೆರಡು ದಿನಕ್ಕೆ ಅವಳ ರಜೆ ಮುಗೀತು. ಹೋಗೋ ಮುಂಚೆ ಅಮ್ಮನಿಗೆ, ಮಾವನಿಗೆ ಎಲ್ಲ ಹೇಳಿಕೊಟ್ಲು. ಆಮೇಲೆ ಮಾವ ಅಜ್ಜನ್ನ ವಾರಕ್ಕೆ ಎರಡು ಸಲ ಬಾಗಲಕೋಟೆಗೆ ಕರ್ಕೊಂಡು ಹೋದ. ಆಟೋ, ಬಸ್ಸು, ಮತ್ತೆ ಆಟೋ, ಮಾವನ ಒಂದು ದಿನದ ಕೂಲಿ. ಕಾಮರ್ಸ್ ಓದಿದವನಿಗೆ ಆ ಖಾತೆ ಬೇಗ ಅರ್ಥ ಆಗುತ್ತೆ. ಎರಡು ತಿಂಗಳಿಗೆ ನಿಂತುಹೋಯ್ತು.

"ಮನೆಯವರಿಗೇ ಕಲಿಸಿದ್ರೆ ಸಾಕಲ್ವಾ?" ಅಂತ ನಿಮಗೂ ಅನಿಸಿರಬಹುದು, ನನಗೂ ಅನಿಸಿತ್ತು. ನಮ್ಮ ದೇಶದಲ್ಲೇ ಇದನ್ನ ಪರೀಕ್ಷೆ ಮಾಡಿದ್ದಾರೆ. ಅಟೆಂಡ್ ಅನ್ನೋ ಹೆಸರಿನ ಅಧ್ಯಯನ, 14 ಆಸ್ಪತ್ರೆ, 1,250 ಲಕ್ವಾ ರೋಗಿಗಳು. ಅರ್ಧ ಜನರ ಮನೆಯವರಿಗೆ ಚಿಕಿತ್ಸೆ ಮಾಡಿಸೋದನ್ನ ಕಲಿಸಿ ಕಳಿಸಿದ್ರು, ಉಳಿದವರಿಗೆ ಮಾಮೂಲಿ ವ್ಯವಸ್ಥೆ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ಸಾವಿನಲ್ಲಾಗಲಿ, ಬೇರೆಯವರ ಮೇಲೆ ಅವಲಂಬನೆಯಲ್ಲಾಗಲಿ, ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ.

ಇದನ್ನ ಓದಿದಾಗ ನನಗೆ ಬೇಜಾರಾಯ್ತು, ಆಮೇಲೆ ಒಂದು ಥರದ ಸಮಾಧಾನ. ನಮ್ಮ ಪ್ರೀತಿ ಕಡಿಮೆ ಇರಲಿಲ್ಲ. ಅಮ್ಮ ಒಂದು ದಿನವೂ ತಪ್ಪಿಸಿರಲಿಲ್ಲ. ಆದ್ರೆ ನಾಲ್ಕೂವರೆ ವರ್ಷ ಕಲಿತ ನೋಟವನ್ನ ಹನ್ನೆರಡು ದಿನದಲ್ಲಿ ಮನೆಮಂದಿಗೆ ವರ್ಗಾಯಿಸೋಕೆ ಆಗಲ್ಲ. ಮನೆಯವರು ಸಹಾಯಕರು, ಬದಲಿ ಅಲ್ಲ.

ಇಷ್ಟು ಮುಖ್ಯವಾದ ಕೆಲಸಕ್ಕೆ ದೇಶಮಟ್ಟದ ಕಾನೂನು ಬಂದಿದ್ದು ಯಾವಾಗ ಗೊತ್ತಾ? 2021ರ ಮಾರ್ಚ್. ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಅದು. ಯಾರು ಫಿಸಿಯೋಥೆರಪಿಸ್ಟ್, ಅವರು ಏನು ಓದಿರಬೇಕು, ಎಲ್ಲಿ ನೋಂದಣಿ ಆಗಿರಬೇಕು ಅನ್ನೋದಕ್ಕೆ ಅಲ್ಲೊಂದು ಚೌಕಟ್ಟಿದೆ. ಮೊದಲ ಶಾಲೆ ಶುರುವಾಗಿ 69 ವರ್ಷ ಆದ ಮೇಲೆ.

ಎಪ್ಪತ್ತು ವರ್ಷದಲ್ಲಿ ಈ ವಿದ್ಯೆ ತನ್ನ ತಪ್ಪನ್ನ ತಾನೇ ತಿದ್ದಿಕೊಳ್ತಾ ಬಂದಿದೆ. ಸ್ನಾಯುವಿನಿಂದ ಚಲನೆಗೆ, ಚಲನೆಯಿಂದ ಕಲಿಕೆಗೆ. ತಿದ್ದದೇ ಉಳಿದಿರೋದು ದೂರ ಒಂದು. 1952ರಲ್ಲಿ ಬೊಂಬಾಯಿ ದೂರ ಇತ್ತು. ನನ್ನ ಅಜ್ಜನಿಗೆ ಬಾಗಲಕೋಟೆಯೇ ದೂರ ಆಯ್ತು. ಕಲಿತವರು ತಾಲೂಕು ಆಸ್ಪತ್ರೆಯಲ್ಲಿ, ಹಳ್ಳಿಯ ಮನೆ ಬಾಗಿಲಲ್ಲಿ ಸಿಗೋ ಹಾಗೆ ಹುದ್ದೆ, ಸಂಬಳ ಇಲ್ಲದಿದ್ರೆ ಪಾಠ ಎಷ್ಟು ಸುಧಾರಿಸಿದ್ರೂ ಅದು ಕಾಲೇಜಿನ ಗೋಡೆ ದಾಟೋದಿಲ್ಲ.

ಮುಗಿಸೋ ಮುಂಚೆ ಎರಡು ಮಾತು, ಸ್ಕ್ರೀನ್‌ಶಾಟ್ ತಗೊಳ್ಳಿ. ಮುಖ ಸೊಟ್ಟಗಾದ್ರೆ, ಒಂದು ಕೈ ಎತ್ತೋಕಾಗದಿದ್ರೆ, ಮಾತು ತೊದಲಿದ್ರೆ ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಅದನ್ನ ಕರಗಿಸೋ ಇಂಜೆಕ್ಷನ್ ಇದೆ, ಆದ್ರೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಸಿಗಬೇಕು. ಮೊದಲು ಆಸ್ಪತ್ರೆ, ಎಣ್ಣೆ ಕೊಡೋ ಊರು ಅಲ್ಲ. ಎರಡನೇದು, ಮನೆಗೆ ಬಂದ ಮೇಲೆ ಸೋತ ಕೈ ಹಿಡಿದು ಎಳೀಬೇಡಿ.

ಅಜ್ಜ ಮತ್ತೆ ಮಗ್ಗಕ್ಕೆ ಕೂರಲಿಲ್ಲ. ಕೋಲು ಹಿಡಿದು ಅಂಗಳದ ತನಕ ನಡೀತಿದ್ದ. ಊಟಕ್ಕೆ ಕೂತಾಗ ಎಡಗೈಲಿ ರೊಟ್ಟಿ ಮುರಿಯುವಾಗ ತಟ್ಟೆ ಜಾರದಂತೆ ಬಲಗೈ ಒತ್ತಿ ಹಿಡೀತಿತ್ತು. ಅಷ್ಟೇ. ಆದ್ರೆ ತನ್ನ ರೊಟ್ಟಿಯನ್ನ ತಾನೇ ಮುರ್ಕೊಂಡು ತಿಂದ. ಎರಡು ವರ್ಷದ ನಂತರ ಹೋದ. ಆ ಹುಡುಗಿ ಈಗ ಎಂಪಿಟಿ ಮುಗಿಸಿದಾಳೆ, ಊರಿನಿಂದ ದೂರದ ಒಂದು ನಗರದಲ್ಲಿ ಕೆಲಸ. ಇಲ್ಲೇ ಬರ್ತೀಯಾ ಅಂತ ಕೇಳಿದೆ. "ಕೆಲಸ ಕೊಟ್ಟರ ನಾಳೇನ ಬರ್ತೀನಿ" ಅಂದ್ಲು.

ನಿಮ್ಮ ಮನೆಯಲ್ಲೂ ಇಂಥ ಕಥೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ.